ರೀಬೂಟ್ ಆದರೂ ಉಳಿಯುವ ವಿಧಾನವನ್ನೇ ಲ್ಯಾಬ್‌ನಲ್ಲಿ ಕಲಿಸಿ

ಮಾನ್ಯ ಸಂಪಾದಕರೇ,

ಬಾಗಲಕೋಟೆ, ವಿಜಯಪುರ ಭಾಗದ ಕಾಲೇಜುಗಳಲ್ಲಿ ನೆಟ್‌ವರ್ಕಿಂಗ್ ಮತ್ತು ಕ್ಲೌಡ್ ಪ್ರಯೋಗಗಳಿಗಾಗಿ ಲಿನಕ್ಸ್ ಮೇಲೆ ವರ್ಚುವಲ್ ಮಷಿನ್‌ಗಳನ್ನು (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರ್) ನಡೆಸುವುದು ಈಗ ಸಾಮಾನ್ಯವಾಗಿದೆ. ಆದರೆ ಕರೆಂಟ್ ಹೋಗಿ ಬಂದು ಸಿಸ್ಟಮ್ ಮತ್ತೆ ಶುರುವಾದಾಗ, ನಿನ್ನೆಯವರೆಗೆ ಸರಿಯಾಗಿದ್ದ ವರ್ಚುವಲ್‌ಬಾಕ್ಸ್ (ಇಂಥ ಮಷಿನ್‌ಗಳನ್ನು ನಡೆಸುವ ಸಾಫ್ಟ್‌ವೇರ್) ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದ ತನ್ನ ಡ್ರೈವರ್ ಇಲ್ಲವೆಂದು ನಿಂತುಬಿಡುತ್ತದೆ. ಲಿನಕ್ಸ್ ಕರ್ನಲ್‌ನದೇ ಇಂಥ ಸೌಲಭ್ಯವಾದ ಕೆವಿಎಂ ಆದರೆ ‘/ಡೆವ್/ಕೆವಿಎಂ’ ಎಂಬ ಫೈಲೇ ಇಲ್ಲ ಎನ್ನುತ್ತದೆ. ಕಾರಣ ಹುಡುಕುವ ಬದಲು ಇಡೀ ಸಿಸ್ಟಮ್ಮನ್ನು ಫಾರ್ಮ್ಯಾಟ್ ಮಾಡುವ ರೂಢಿ ಹಲವು ಕಡೆ ಬೆಳೆದಿದ್ದು, ಅದರೊಡನೆ ವಿದ್ಯಾರ್ಥಿಗಳ ಕೆಲಸವೂ ಅಳಿಸಿಹೋಗುತ್ತಿರುವುದು ನೋವಿನ ಸಂಗತಿ.

ಯಂತ್ರದ ಸಾಧನಗಳನ್ನು (ಡಿವೈಸ್) ಫೈಲುಗಳಂತೆ ತೋರಿಸುವ ‘/ಡೆವ್’ ಎಂಬ ಫೋಲ್ಡರ್ ಇಂದಿನ ಲಿನಕ್ಸ್‌ನಲ್ಲಿ ಹಾರ್ಡ್ ಡಿಸ್ಕಿನ ಮೇಲಿಲ್ಲ, ಮೆಮೊರಿಯಲ್ಲಿದೆ. 2009ರಲ್ಲಿ ಬಂದ 2.6.32 ಕರ್ನಲ್‌ನಿಂದೀಚೆಗೆ ಕರ್ನಲ್ ತಾನೇ ಪ್ರತಿ ಬಾರಿ ಶುರುವಾಗುವಾಗ ಈ ಫೈಲುಗಳನ್ನು ಹೊಸದಾಗಿ ಸೃಷ್ಟಿಸಬಲ್ಲದು. ಅವುಗಳ ಅನುಮತಿಗಳನ್ನು ಯುಡೆವ್ ಎಂಬ ವ್ಯವಸ್ಥೆ ನಿಭಾಯಿಸುತ್ತದೆ. ಹೀಗಿರುವಾಗ, ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗುವ ಲ್ಯಾಬ್ ಹಾಳೆಗಳಲ್ಲಿ ಇಂದಿಗೂ ಡಿವೈಸ್ ಫೈಲ್ ಸೃಷ್ಟಿಸುವ ‘ಎಂಕೆನೋಡ್’ ಆಜ್ಞೆಯಿಂದ ಕೆವಿಎಂ ಸಾಧನದ 10, 232 ಎಂಬ ಸಂಖ್ಯೆ ಕೊಟ್ಟು ಫೈಲನ್ನು ಕೈಯಾರೆ ಮಾಡಿಕೊಳ್ಳಿ, ಆಮೇಲೆ ಎಲ್ಲರಿಗೂ ಓದುವ, ಬರೆಯುವ ಅನುಮತಿ ನೀಡುವ ‘ಸಿಎಚ್‌ಮಾಡ್ 666’ ಕೊಡಿ ಎಂದೇ ಬರೆದಿರುತ್ತದೆ. ಕೆವಿಎಂ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ಭಾಗ) ಲೋಡ್ ಆಗಿರದಿದ್ದರೆ ಹಾಗೆ ಮಾಡಿದ ಫೈಲಿನ ಹಿಂದೆ ಕೆಲಸ ಮಾಡುವವರೇ ಇರುವುದಿಲ್ಲ. ಲೋಡ್ ಆಗಿದ್ದರೆ ಫೈಲು ತಾನಾಗಿಯೇ ಬರುತ್ತದೆ. ಎರಡೂ ಆಜ್ಞೆಗಳ ಫಲ ಮುಂದಿನ ರೀಬೂಟ್‌ವರೆಗೆ ಮಾತ್ರ. ಬಳಕೆದಾರನನ್ನು ಕೆವಿಎಂ ಗುಂಪಿಗೆ ಸೇರಿಸಿದರೆ ಅನುಮತಿಯ ತೊಂದರೆ ಶಾಶ್ವತವಾಗಿ ತೀರುವಾಗ, ಎಲ್ಲರಿಗೂ ಬಾಗಿಲು ತೆರೆದಿಡುವ ಆ ಆಜ್ಞೆಯನ್ನು ರೆಕಾರ್ಡ್ ಬುಕ್ಕಿನಲ್ಲಿ ಬರೆಸುವುದು ಸರಿಯಲ್ಲ.

ವರ್ಚುವಲ್‌ಬಾಕ್ಸ್‌ನ ವಿಷಯ ಸ್ವಲ್ಪ ಬೇರೆ. ಅದರ ಮಾಡ್ಯೂಲ್‌ಗಳು ಕರ್ನಲ್‌ನ ಹೊರಗಿನವು, ಪ್ರತಿ ಕರ್ನಲ್‌ಗೂ ಬೇರೆಯಾಗಿ ಕಂಪೈಲ್ ಆಗಬೇಕು. ತಂತಾನೇ ನಡೆಯುವ ಅಪ್‌ಡೇಟ್ ಹೊಸ ಕರ್ನಲ್ಲನ್ನು ಸದ್ದಿಲ್ಲದೆ ತಂದಿಟ್ಟಿರುತ್ತದೆ, ಆದರೆ ಅದು ಜಾರಿಗೆ ಬರುವುದು ರೀಬೂಟ್ ಆದಾಗಲೇ. ಆದ್ದರಿಂದ ದೋಷವೆಲ್ಲ ಕರೆಂಟಿನ ತಲೆಗೆ ಬರುತ್ತದೆ. ಡಿಕೆಎಂಎಸ್ (ಹೊಸ ಕರ್ನಲ್ ಬಂದಾಗ ಮಾಡ್ಯೂಲ್‌ಗಳನ್ನು ಮತ್ತೆ ಕಂಪೈಲ್ ಮಾಡುವ ಸಾಧನ) ಮತ್ತು ಅದಕ್ಕೆ ಬೇಕಾದ ಆಯಾ ಕರ್ನಲ್‌ನ ಹೆಡರ್ ಪ್ಯಾಕೇಜುಗಳನ್ನು ಹಾಕಿಟ್ಟರೆ ಈ ಕಂಪೈಲ್ ಕೆಲಸ ತಾನಾಗಿಯೇ ನಡೆಯುತ್ತದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿಲ್ಲದ ಭಾಗಗಳನ್ನು ತಡೆಯುವ ಭದ್ರತಾ ವ್ಯವಸ್ಥೆ) ಚಾಲೂ ಇರುವ ಹೊಸ ಯಂತ್ರಗಳಲ್ಲಿ ಮಾಡ್ಯೂಲ್‌ಗೆ ಸಹಿ ಹಾಕಿದ ಕೀಲಿಯನ್ನೂ ನೋಂದಾಯಿಸಬೇಕಾಗುತ್ತದೆ. ಮರುಪ್ರಾರಂಭದ ವೇಳೆ ಅದಕ್ಕಾಗಿ ಬರುವ ಪರದೆಯನ್ನು ಓದದೆ ಎಂಟರ್ ಒತ್ತಿ ಮುಂದೆ ಹೋದರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ.

ನಮ್ಮ ಭಾಗದ ಹಳೆಯ ಯಂತ್ರಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಸತ್ತಿದ್ದರೆ, ಕರೆಂಟ್ ಪೂರ್ತಿ ಹೋದಾಗ ಯಂತ್ರವನ್ನು ಮೊದಲು ಶುರುಮಾಡುವ ಬಯಾಸ್‌ನ ಸೆಟ್ಟಿಂಗ್‌ಗಳು ಮೂಲ ಸ್ಥಿತಿಗೆ ಮರಳಬಹುದು. ಹಲವು ಬೋರ್ಡ್‌ಗಳಲ್ಲಿ ಆ ಮೂಲ ಸ್ಥಿತಿಯೆಂದರೆ ವರ್ಚುವಲೈಸೇಶನ್ (ವರ್ಚುವಲ್ ಮಷಿನ್‌ಗಳಿಗೆ ಪ್ರೊಸೆಸರ್ ನೀಡುವ ಬೆಂಬಲ) ಬಂದ್ ಇರುವುದೇ ಆಗಿದೆ. ಆಗ ಕೆವಿಎಂನ ಪ್ರೊಸೆಸರ್ ಮಾಡ್ಯೂಲ್ ಲೋಡ್ ಆಗದು, ಡಿವೈಸ್ ಫೈಲೂ ಹುಟ್ಟದು. ಗಡಿಯಾರದ ತಾರೀಕು ಹಿಂದಕ್ಕೆ ಹೋಗಿದ್ದರೆ ಇದೇ ಕಾರಣವೆಂದು ಸಂಶಯಪಡಬಹುದು. ಒಂದು ಅಗ್ಗದ ಸೆಲ್ ಬದಲಿಸಿ, ಬಯಾಸ್‌ನಲ್ಲಿ ಆ ಸೌಲಭ್ಯವನ್ನು ಮತ್ತೆ ಚಾಲೂ ಮಾಡಿದರೆ ಮುಗಿಯುವ ಕೆಲಸಕ್ಕೆ ಫಾರ್ಮ್ಯಾಟ್ ಏಕೆ?

ಲ್ಯಾಬ್ ಕೈಪಿಡಿ ಸಿದ್ಧಪಡಿಸುವ ಹಿರಿಯರು ರೀಬೂಟ್‌ಗೆ ಅಳಿಸಿಹೋಗುವ ಆಜ್ಞೆಗಳನ್ನು ತೆಗೆದು, ಲೋಡ್ ಆದ ಮಾಡ್ಯೂಲ್‌ಗಳನ್ನು ತೋರಿಸುವ ‘ಎಲ್‌ಎಸ್‌ಮಾಡ್’ (lsmod) ಮತ್ತು ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ನೋಡಿ ಕಾರಣ ಕಂಡುಹಿಡಿಯುವುದನ್ನೇ ಒಂದು ಪ್ರಯೋಗವಾಗಿ ಸೇರಿಸಬೇಕೆಂದು ವಿನಂತಿಸುತ್ತೇನೆ. ಪ್ರಾಯೋಗಿಕ ಪರೀಕ್ಷೆಗೆ ಒಂದು ವಾರ ಮೊದಲೇ ಕಾಲೇಜುಗಳು ಲ್ಯಾಬ್‌ನ ಎಲ್ಲ ಯಂತ್ರಗಳನ್ನೂ ಶಟ್‌ಡೌನ್ ಮಾಡಿ, ಮೇನ್ ಸ್ವಿಚ್ ತೆಗೆದು, ಮತ್ತೆ ಶುರುಮಾಡಿ ಒಮ್ಮೆ ಪರಿಶೀಲಿಸಲಿ.

– ಓರ್ವ ಕಂಪ್ಯೂಟರ್ ಉಪನ್ಯಾಸಕ, ನವನಗರ, ಬಾಗಲಕೋಟೆ