ಕೌನ್ಸಿಲ್ ಮನೆಗಳಿಗೆ ಹೊಣೆ ಯಾರು?

ಮಾನ್ಯರೇ,

ಬ್ರಿಟನ್ನಿನ ಕೌನ್ಸಿಲ್ ಮನೆಗಳ, ಅಂದರೆ ಅಲ್ಲಿನ ಸ್ಥಳೀಯ ಆಡಳಿತ (ಕೌನ್ಸಿಲ್) ಬಾಡಿಗೆಗೆ ಕೊಡುವ ಮನೆಗಳ ದುಃಸ್ಥಿತಿಯ ವರದಿ ಓದಿದೆ. ಈ ಮನೆಗಳ ಹೊಣೆಯನ್ನು ಕೌನ್ಸಿಲಿನ ಚುನಾಯಿತ ಸದಸ್ಯರೇ ಹೊರಬೇಕು, ಇನ್ನೊಬ್ಬರಿಗೆ ದಾಟಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಿದೆ ಅಲ್ವಾ? ಕಟ್ಟಡ ಕೌನ್ಸಿಲಿನದು, ನಿರ್ವಹಣೆ ಬೇರೆ ಸಂಸ್ಥೆಯದು. ಬೆಂಕಿಯ ಅಪಾಯವಿದೆ ಎಂದು ನಿವಾಸಿಗಳು ಮೊದಲೇ ಎಚ್ಚರಿಸಿದ್ದರು. 2017ರ ಜೂನ್ 14ರಂದು ಹೊತ್ತಿಕೊಂಡ ಬೆಂಕಿಗೆ 72 ಜನ ಬಲಿಯಾದರು.

ಅಷ್ಟು ದೊಡ್ಡ ದುರಂತವೇ ಆಗಬೇಕೆಂದಿಲ್ಲ. ಮಗುವಿನ ಮಂಚದ ಹಿಂದಿನ ಗೋಡೆ ತೇವ ಹಿಡಿದು ಕಪ್ಪು ಬೂಷ್ಟು ಬೆಳೆಯುತ್ತದೆ, ತಾಯಿ ದೂರು ಕೊಟ್ಟರೆ ‘ಕಿಟಕಿ ತೆಗೆದಿಡಿ’ ಎನ್ನುತ್ತಾರೆ, ಕೊನೆಗೆ ಯಾರೋ ಬಂದು ಸುಮ್ನೆ ಮೇಲೊಂದು ಕೋಟ್ ಬಣ್ಣ ಬಳಿದು ಹೋಗುತ್ತಾರೆ, ಚಳಿಗಾಲಕ್ಕೆ ಮತ್ತೆ ಅದೇ ಕಪ್ಪು. ಪಾಪ, ಅವಳು ಯಾರನ್ನು ಕೇಳಬೇಕು? ಕೌನ್ಸಿಲ್ ಗುತ್ತಿಗೆದಾರರ ಕಡೆ ಕೈ ತೋರಿಸುತ್ತದೆ, ಸರ್ಕಾರ ಕೌನ್ಸಿಲ್ ಕಡೆ. ಹಣದ ಕೊರತೆ ನಿಜವೇ. ಆದರೆ ದೂರಿಗೆ ಉತ್ತರ ಕೊಡಲು ಹಣ ಬೇಕಿಲ್ಲ.

ಪ್ರತಿ ವಸತಿ ಸಮುಚ್ಚಯಕ್ಕೆ ಒಬ್ಬ ಕೌನ್ಸಿಲರನ್ನು ಹೊಣೆ ಮಾಡಿ, ಬಾಕಿ ಇರುವ ದುರಸ್ತಿಗಳ ಪಟ್ಟಿಯನ್ನು ಅವರ ಹೆಸರಿನ ಸಮೇತ ಪ್ರತಿ ತಿಂಗಳು ಕಟ್ಟಡದ ಬಾಗಿಲಲ್ಲೇ ಅಂಟಿಸಲಿ.