ಅಮ್ಮನಿಗೆ, ಲೈಪ್‌ಜಿಗ್‌ನಿಂದ

ಅಮ್ಮಾ, ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನ ಬಿಪಿ ಹೇಗಿದೆ?

ನಿನ್ನ ಪತ್ರ ಓದಿದಾಗಿನಿಂದ ಅಕ್ಕನದೇ ಯೋಚನೆ. ಮೂರನೇ ತಿಂಗಳಲ್ಲಿ ಬಸಿರು ಹೋಯ್ತಲ್ಲ ಅನ್ನೋ ಸಂಕಟ ಒಂದು ಕಡೆ, ಪಪ್ಪಾಯಿ ತಿಂದಳು, ಸ್ಕೂಟರ್ ಓಡಿಸಿದಳು ಅಂತ ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿರೋದು ಇನ್ನೊಂದು ಕಡೆ. ಭಾವ ಕಳಿಸಿದ ರಿಪೋರ್ಟ್ ನೋಡಿದೆ. ಹೋದ ಭ್ರೂಣದಲ್ಲಿ 16ನೇ ಕ್ರೋಮೋಸೋಮ್, ಅಂದರೆ ಜೀನುಗಳನ್ನ ಹೊತ್ತಿರೋ ದಾರದಂಥದ್ದು, ಎರಡಿರಬೇಕಾದ ಕಡೆ ಮೂರಿದೆ. ಪಪ್ಪಾಯಿಯಿಂದ ಇದು ಆಗಲ್ಲ ಅಮ್ಮಾ. ಸ್ಕೂಟರ್‌ನಿಂದಲೂ ಆಗಲ್ಲ.

ನಾನಿಲ್ಲಿ ಓದುತ್ತಿರೋದೇ ಇದನ್ನ. ಅಂಡಾಣು ತಯಾರಾಗುವಾಗ ಅಪ್ಪನ ಕಡೆಯ ಕ್ರೋಮೋಸೋಮೂ ಅಮ್ಮನ ಕಡೆಯದೂ ಜೋಡಿಯಾಗಿ ನಿಂತು, ಅಲ್ಲಲ್ಲಿ ತುಂಡಾಗಿ, ಆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅದಲುಬದಲಾದ ಜಾಗವೇ ಗಂಟಿನ ಹಾಗೆ ಎರಡನ್ನೂ ಹಿಡಿದಿರುತ್ತದೆ. ಹೆಂಗಸರಲ್ಲಿ ಇದು ನಡೆಯೋದು ಹುಟ್ಟೋಕೆ ಮುಂಚೆ. ಅಂದರೆ ಅಕ್ಕ ನಿನ್ನ ಹೊಟ್ಟೆಯಲ್ಲಿದ್ದಾಗಲೇ. ಆಮೇಲೆ ಆ ಅಂಡಾಣು 37 ವರ್ಷ ಹಾಗೇ ಕಾದಿದೆ. ಗಂಟು ಸರಿಯಾದ ಕಡೆ ಬೀಳದಿದ್ದರೆ, ಇಲ್ಲಾ ವಯಸ್ಸಾದಂತೆ ಹಿಡಿತ ಸಡಿಲವಾದರೆ, ಜೋಡಿ ಸರಿಯಾಗಿ ಬೇರೆಯಾಗಲ್ಲ. ಆಗ ಅಂಡಾಣುವಿನಲ್ಲಿ ಒಂದರ ಬದಲು ಎರಡು ಉಳಿದು, ಗಂಡಿನ ಕಡೆಯದೂ ಸೇರಿ ಮೂರಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ಏರುಪೇರೇ ಕಾರಣ. ನನ್ನ ಹೊಟ್ಟೆಯಲ್ಲೇ ಆಯ್ತಾ ಅಂತ ನೀನು ಕೊರಗೋಕೆ ಶುರು ಮಾಡಬೇಡ. ಇದು ಯಾರ ಕೈಯಲ್ಲೂ ಇಲ್ಲ.

ಇಲ್ಲಿನ ಮೃಗಾಲಯದ ಪೊಂಗೊಲ್ಯಾಂಡ್‌ ಅನ್ನೋ ವಾನರರ ವಿಭಾಗದಲ್ಲಿ ಚಿಂಪಾಂಜಿಗಳು ತಾವಾಗಿಯೇ ಬಂದು ಸಂಶೋಧಕರ ಎದುರು ಕೂತು ಆಟ ಆಡುತ್ತವೆ. ಬೇಡ ಅನಿಸಿದರೆ ಎದ್ದು ಹೋಗುತ್ತವೆ, ಯಾರೂ ಬಲವಂತ ಮಾಡಲ್ಲ. ನಮಗೂ ಅವಕ್ಕೂ ಡಿಎನ್‌ಎ ಹೋಲಿಸಬಹುದಾದ ಕಡೆಯೆಲ್ಲ ನೂರಕ್ಕೆ 98ಕ್ಕಿಂತ ಜಾಸ್ತಿ ಒಂದೇ. ಆದರೆ ಈ ಅದಲುಬದಲು ಹೆಚ್ಚಾಗಿ ನಡೆಯುವ ಜಾಗಗಳು ಮಾತ್ರ ಒಂದಕ್ಕೊಂದು ಹೊಂದೋದೇ ಇಲ್ಲ ಅನ್ನಬೇಕು! ಆ ಜಾಗ ಗುರುತಿಸೋದು ಪಿಆರ್‌ಡಿಎಂ9 ಅನ್ನೋ ಜೀನ್, 2010ರಲ್ಲಿ ಗೊತ್ತಾಯ್ತು. ಪದೇ ಪದೇ ತುಂಡಾಗುವ ಜಾಗ ತಲೆಮಾರು ಕಳೆದಂತೆ ಸವೆಯುತ್ತದೆ, ಜೀನೂ ಬಲು ಬೇಗ ಬದಲಾಗಿ ಹೊಸ ಜಾಗ ಹಿಡಿಯುತ್ತದೆ. ಲಕ್ಷಾಂತರ ವರ್ಷದಿಂದ ನಡೆದು ಬಂದಿರೋ ಕೆಲಸ ಇದು. ಪ್ರತಿ ಸಲವೂ ಸರಿಯಾಗೇ ಆಗುತ್ತೆ ಅಂತಿಲ್ಲ. ಅದಕ್ಕೆ ಅಕ್ಕನ್ನ ಯಾಕೆ ಬೈಯಬೇಕು?

ಒಂದು ಸಲ ಹೀಗಾದವರಲ್ಲಿ ಹೆಚ್ಚಿನವರಿಗೆ ಆಮೇಲೆ ಆರೋಗ್ಯವಾದ ಮಗು ಆಗುತ್ತದೆ. ಖಂಡಿತ. ಇದನ್ನ ಅವಳಿಗೆ ಹೇಳು. ಅವಳ ಅತ್ತೆಗೂ ಹೇಳು, ನಿನಗೆ ಆಗಲ್ಲ ಅಂದರೆ ನಾನೇ ಶನಿವಾರ ಫೋನ್ ಮಾಡಿ ಹೇಳುತ್ತೇನೆ. ಅಲ್ಲೀತನಕ ಅಕ್ಕನ್ನ ನಮ್ಮನೆಗೆ ಕರ್ಕೊಂಡು ಬಾ, ನಾಲ್ಕು ದಿನ ಇರಲಿ. ನನ್ನ ಬಗ್ಗೆ ಏನೂ ಚಿಂತೆ ಬೇಡ, ಚಳಿಗೆ ದಪ್ಪ ಕೋಟ್ ತಗೊಂಡಿದ್ದೇನೆ, ಅನ್ನ ಸಾರು ದಿನಾ ಮಾಡಿಕೊಳ್ಳುತ್ತೇನೆ, ದುಡ್ಡೂ ಇದೆ. ಟ್ರಾಮ್ ಬಂತು, ಪತ್ರ ಮುಗಿಸ್ತೀನಿ.

ನಿನ್ನ ಪುಟ್ಟಿ