ಸಿನಿಮಾ ಲೆಕ್ಕ: ಭಾನುವಾರದೊಳಗೆ ಹಾಕಿ

ಎಲ್ಲರಿಗೂ ನಮಸ್ಕಾರ. ನಾನು ನೋಡಿದ ಸಿನಿಮಾಗಳ ಪಟ್ಟಿ ಕೇಳಿದ್ದಿರಿ, ಅಲ್ವಾ? ಲೆಟರ್‌ಬಾಕ್ಸ್‌ಡ್‌ನಲ್ಲಿ ಹಾಕಿದ್ದೇನೆ, ನೋಡಿದ ಸಿನಿಮಾಗಳನ್ನು ಬರೆದಿಟ್ಟು ಸ್ಟಾರ್ ಕೊಡುವ ಜಾಲತಾಣ ಅದು. 2011ರಲ್ಲಿ ನ್ಯೂಜಿಲೆಂಡ್‌ನವರು ಶುರು ಮಾಡಿದ್ದು. ಅರ್ಧ ಸ್ಟಾರ್ ಕೂಡ ಕೊಡಬಹುದು, ನನ್ನಂಥ ಜಿಪುಣರಿಗೆ ಅನುಕೂಲ.

ಅಸಲಿ ಲೆಕ್ಕ ಇರುವುದು ಮಾತ್ರ ಹಳೇ ಡೈರಿಯಲ್ಲಿ. ಮೆಜೆಸ್ಟಿಕ್‌ನ ಕಪಾಲಿ ಥಿಯೇಟರ್ ಈಗಿಲ್ಲ, ಅಲ್ಲಿನ ಗುಲಾಬಿ ಚೀಟಿ ಹಾಗೇ ಅಂಟಿಕೊಂಡಿದೆ. ಮಾಲ್‌ ಟಿಕೆಟ್‌ಗಳದ್ದೇ ಗೋಳು. ಬಿಸಿ ತಾಗಿಸಿ ಅಕ್ಷರ ಮೂಡಿಸುವ ಥರ್ಮಲ್ ಕಾಗದ ನೋಡಿ, ಇಟ್ಟಲ್ಲೇ ಅಕ್ಷರ ಮಾಸುತ್ತದೆ. ಜಾಣತನ ಮಾಡಿ ಲ್ಯಾಮಿನೇಟ್ ಮಾಡಿಸಿದೆ. ಬಿಸಿಗೆ ನಾಲ್ಕೂ ಟಿಕೆಟ್ ಕಾವಲಿಯಂತೆ ಕರ್ರಗಾದವು! ನೀವು ಸುಮ್ನೆ ಫೋಟೊ ತೆಗೆದಿಡಿ.

ಈ ತಿಂಗಳು ನೋಡಿದ್ದನ್ನು ಭಾನುವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಅರ್ಧಕ್ಕೆ ಎದ್ದು ಬಂದಿದ್ದನ್ನೂ ಬರೆಯಿರಿ, ಕಾರಣ ಸಮೇತ.